ವರ್ಚುವಲ್ ಡೇಟಾ ಸೆಂಟರ್‌ನಲ್ಲಿ ಲೋಡ್ ಬ್ಯಾಲೆನ್ಸಿಂಗ್ ಆಟೊಮೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ವಿಎಂಗಳ (ವರ್ಚುವಲ್ ಮಷೀನ್, ಅಂದರೆ ಭೌತಿಕ ಸರ್ವರ್‌ನೊಳಗೆ ಸಾಫ್ಟ್‌ವೇರ್‌ನಿಂದ ರೂಪಿಸಿದ ಕಂಪ್ಯೂಟರ್) ಮೇಲೆ ಆ್ಯಪ್ ನಡೆಸುವವರು, ಅವುಗಳ ಮುಂದೆ ಲೋಡ್ ಬ್ಯಾಲೆನ್ಸರ್ (ಬರುವ ರಿಕ್ವೆಸ್ಟ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚುವುದು) ನಿಲ್ಲಿಸಿ ಇಡೀ ಸರಪಳಿಯನ್ನು ಸ್ಕ್ರಿಪ್ಟ್‌ನಿಂದ ನಡೆಸಬೇಕೆಂದಿರುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗಳಲ್ಲಿ ಹೆಚ್ಚಾಗಿ ಬರುವುದು ಎಚ್‌ಎ ಪ್ರಾಕ್ಸಿ ಮತ್ತು ಎಂಜಿನ್‌ಎಕ್ಸ್ ಎಂಬ ಎರಡು ಲೋಡ್ ಬ್ಯಾಲೆನ್ಸರ್‌ಗಳು. ಬೇರೆ ಉತ್ಪನ್ನ ಬಳಸುವವರಿಗೆ ಸೆಟ್ಟಿಂಗ್‌ಗಳ ಹೆಸರು ಬದಲಾದೀತು, ತೊಡಕುಗಳು ಮಾತ್ರ ಬಹುತೇಕ ಇವೇ.

ವಿಎಂ ಐದು ನಿಮಿಷದಲ್ಲಿ ಸಿದ್ಧವಾಗುತ್ತದೆ. ಆ್ಯಪ್ ಬಳಕೆದಾರರಿಗೆ ಸಿಗಲು ಮಾತ್ರ ದಿನಗಟ್ಟಲೆ ಯಾಕೆ ಬೇಕು?

ಆಟೊಮೇಟ್ ಆಗಿರುವುದು ವಿಎಂ ಒಂದೇ, ಅದಕ್ಕೆ. ಅದರ ಸುತ್ತಲಿನ ಐಪಿ ವಿಳಾಸ, ಡಿಎನ್‌ಎಸ್ ಹೆಸರು, ಫೈರ್‌ವಾಲ್ ನಿಯಮ, ಸರ್ಟಿಫಿಕೇಟ್, ಪೂಲ್‌ಗೆ (ಲೋಡ್ ಬ್ಯಾಲೆನ್ಸರ್ ಟ್ರಾಫಿಕ್ ಹಂಚುವ ಸರ್ವರ್‌ಗಳ ಗುಂಪು) ಸೇರಿಸುವುದು, ಹೆಲ್ತ್ ಚೆಕ್ (ಸರ್ವರ್ ಸರಿಯಾಗಿದೆಯೇ ಎಂಬ ಪರೀಕ್ಷೆ), ಮಾನಿಟರಿಂಗ್ ಎಲ್ಲವೂ ಬೇರೆ ಬೇರೆ ತಂಡಗಳ ಕೈಯಲ್ಲಿ, ಬೇರೆ ಬೇರೆ ಟಿಕೆಟ್‌ಗಳಲ್ಲಿ ಉಳಿದಿರುತ್ತವೆ. ಪ್ರತಿಯೊಂದೂ ಹತ್ತು ನಿಮಿಷದ ಕೆಲಸ. ಕಾಯುವುದೇ ದಿನವಿಡೀ.

ಇದರ ಇನ್ನೊಂದು ಮುಖ ಹೆಚ್ಚು ಅಪಾಯಕಾರಿ. ಸೇರಿಸಲು ಯಾರಾದರೂ ಬೆನ್ನು ಹತ್ತುತ್ತಾರೆ, ತೆಗೆಯಲು ಯಾರೂ ಕೇಳುವುದಿಲ್ಲ. ಅಳಿಸಿದ ವಿಎಂನ ಐಪಿ ಪೂಲ್‌ನಲ್ಲೇ ಉಳಿಯುತ್ತದೆ. ಕೆಲವು ವಾರಗಳ ನಂತರ ಅದೇ ಐಪಿ ಬೇರೊಂದು ಆ್ಯಪ್‌ನ ವಿಎಂಗೆ ಸಿಗುತ್ತದೆ. ಅದೂ 8080 ಪೋರ್ಟ್‌ನಲ್ಲೇ ಕೇಳುತ್ತಿದ್ದು, ಹೆಲ್ತ್ ಚೆಕ್ ಬರೀ ಪೋರ್ಟ್ ತೆರೆದಿದೆಯೇ ಎಂದಷ್ಟೇ ನೋಡುವಂಥದ್ದಾದರೆ, ಒಂದು ಆ್ಯಪ್‌ನ ಬಳಕೆದಾರರು ಇನ್ನೊಂದು ಆ್ಯಪ್‌ಗೆ ಹೋಗಿ ಬೀಳುತ್ತಾರೆ. ಆದ್ದರಿಂದ ನಮ್ಮ ಸಲಹೆ: ಆಟೊಮೇಶನ್ ಬರೆಯುವಾಗ ತೆಗೆಯುವ ದಾರಿಯನ್ನು ಮೊದಲು ಬರೆಯಿರಿ, ಸೇರಿಸುವ ದಾರಿಯನ್ನು ಆಮೇಲೆ.

ಎಲ್ಲಿಂದ ಶುರು ಮಾಡಬೇಕು?

ಪೂಲ್‌ನಲ್ಲಿ ಯಾರಿರಬೇಕು ಎಂಬ ಪಟ್ಟಿ ಒಂದೇ ಕಡೆ ಇರುವಂತೆ ಮಾಡುವುದರಿಂದ. ಅದು ಗಿಟ್‌ನಲ್ಲಿರುವ ಫೈಲ್ ಆಗಿರಬಹುದು, ವಿಎಂಗಳ ಟ್ಯಾಗ್ ಆಗಿರಬಹುದು, ಕಾನ್ಸಲ್‌ನಂಥ ಸರ್ವಿಸ್ ಡಿಸ್ಕವರಿ (ಯಾವ ಸೇವೆ ಯಾವ ಸರ್ವರ್‌ನಲ್ಲಿದೆ ಎಂದು ತಿಳಿಸುವ ವ್ಯವಸ್ಥೆ) ಆಗಿರಬಹುದು. ಯಾವುದಾದರೂ ಸರಿ, ಒಂದೇ ಇರಲಿ.

ಮೊದಲ ವಾರಗಳಲ್ಲಿ ಸ್ಕ್ರಿಪ್ಟ್‌ಗೆ ಬರೆಯುವ ಅಧಿಕಾರವನ್ನೇ ಕೊಡಬೇಡಿ. ಪಟ್ಟಿಗೂ ಲೋಡ್ ಬ್ಯಾಲೆನ್ಸರ್‌ನಲ್ಲಿರುವುದಕ್ಕೂ ಏನು ವ್ಯತ್ಯಾಸವಿದೆ ಎಂದು ಗಂಟೆಗೊಮ್ಮೆ ವರದಿ ಕೊಟ್ಟರೆ ಸಾಕು. ಯಾರೂ ಹೇಳದ ಸರ್ವರ್‌ಗಳು, ಕೈಯಿಂದ ಬದಲಿಸಿದ ತೂಕ (ಒಂದು ಸರ್ವರ್‌ಗೆ ಸಿಗುವ ಟ್ರಾಫಿಕ್‌ನ ಪಾಲು), ಎಂದೋ ಮೇಂಟೆನೆನ್ಸ್‌ಗೆ ಹಾಕಿ ಮರೆತವು ಈ ವರದಿಯಲ್ಲಿ ಹೊರಬೀಳುತ್ತವೆ. ವ್ಯತ್ಯಾಸ ಸೊನ್ನೆಗೆ ಇಳಿದ ಮೇಲೆ ಬರೆಯುವ ಅಧಿಕಾರ ಕೊಡಿ. ಈ ಹಂತವನ್ನು ಬಿಟ್ಟು ಮುಂದೆ ಹೋದರೆ, ಸ್ಕ್ರಿಪ್ಟ್ ಮೊದಲ ಸಲ ಓಡಿದಾಗಲೇ ಟ್ರಾಫಿಕ್ ಹೊತ್ತಿರುವ ಸರ್ವರ್ ಒಂದನ್ನು ಅನಾಮಧೇಯ ಎಂದು ಕಿತ್ತುಹಾಕೀತು.

ಟೆರಾಫಾರ್ಮ್, ಆನ್ಸಿಬಲ್, ನೇರ ಎಪಿಐ: ಯಾವುದು ಯಾವುದಕ್ಕೆ?

ಟೆರಾಫಾರ್ಮ್ ಇರಬೇಕಾದ ಸ್ಥಿತಿಯನ್ನು ಫೈಲ್‌ನಲ್ಲಿ ಬರೆಸಿಕೊಂಡು ಅದರಂತೆ ಕಟ್ಟುವ ಉಪಕರಣ, ಆನ್ಸಿಬಲ್ ಸರ್ವರ್‌ಗಳ ಮೇಲೆ ಹೆಜ್ಜೆಗಳನ್ನು ಕ್ರಮವಾಗಿ ನಡೆಸುವ ಉಪಕರಣ, ಎಪಿಐ ಎಂದರೆ ಸ್ಕ್ರಿಪ್ಟ್ ನೇರವಾಗಿ ಆದೇಶ ಕೊಡುವ ದಾರಿ. ಎಷ್ಟು ಸಲ ಬದಲಾಗುತ್ತದೆ ಎಂಬುದನ್ನು ನೋಡಿ ಹಂಚಿ. ವರ್ಚುವಲ್ ಐಪಿ (ಬಳಕೆದಾರರು ಬಂದು ಸೇರುವ ಲೋಡ್ ಬ್ಯಾಲೆನ್ಸರ್‌ನ ವಿಳಾಸ), ಲಿಸನರ್ (ಅದು ಕೇಳುವ ಪೋರ್ಟ್), ಟಿಎಲ್‌ಎಸ್ ನೀತಿ, ಪೂಲ್ ಇದೆ ಎಂಬ ಸಂಗತಿ ತಿಂಗಳಿಗೊಮ್ಮೆ ಬದಲಾಗುವಂಥವು. ಅವು ಟೆರಾಫಾರ್ಮ್‌ಗೆ ಸರಿ. ರಿಲೀಸ್ ದಿನ ಒಂದೊಂದೇ ಸರ್ವರ್ ಹೊರತೆಗೆದು, ಅಪ್‌ಡೇಟ್ ಮಾಡಿ, ಮರಳಿ ಸೇರಿಸುವ ಅನುಕ್ರಮ ಆನ್ಸಿಬಲ್‌ಗೆ ಸಹಜ. ನಿಮಿಷ ನಿಮಿಷಕ್ಕೂ ಬದಲಾಗುವ ಸದಸ್ಯರ ಪಟ್ಟಿಯನ್ನು ಎಪಿಐ ಅಥವಾ ಸರ್ವಿಸ್ ಡಿಸ್ಕವರಿಗೆ ಬಿಡಬೇಕು.

ಒಂದೇ ಫೀಲ್ಡ್‌ಗೆ ಎರಡು ಉಪಕರಣ ಬರೆದಾಗ ಜಗಳ ಶುರುವಾಗುತ್ತದೆ. ಆಟೊಸ್ಕೇಲರ್ (ಭಾರಕ್ಕೆ ತಕ್ಕಂತೆ ಸರ್ವರ್‌ಗಳನ್ನು ಏರಿಸಿ ಇಳಿಸುವ ವ್ಯವಸ್ಥೆ) ರಾತ್ರಿ 4 ಸರ್ವರ್ ಸೇರಿಸಿರುತ್ತದೆ. ಬೆಳಿಗ್ಗೆ ಯಾರೋ ಸರ್ಟಿಫಿಕೇಟ್ ಬದಲಿಸಲೆಂದು ಟೆರಾಫಾರ್ಮ್ ಅಪ್ಲೈ ಮಾಡುತ್ತಾರೆ. ಟೆರಾಫಾರ್ಮ್‌ನ ಲೆಕ್ಕದಲ್ಲಿ ಆ 4 ಇರಲೇಬಾರದು, ತೆಗೆದುಹಾಕುತ್ತದೆ. ಸದಸ್ಯರ ಪಟ್ಟಿಯ ಬದಲಾವಣೆಯನ್ನು ಕಡೆಗಣಿಸುವಂತೆ ಟೆರಾಫಾರ್ಮ್‌ನ ಲೈಫ್‌ಸೈಕಲ್ ವಿಭಾಗದಲ್ಲಿ ಬರೆದರೆ ಈ ಜಗಳ ತಪ್ಪುತ್ತದೆ. ಪ್ಲ್ಯಾನ್‌ನಲ್ಲಿ (ಏನೇನು ಬದಲಾಗಲಿದೆ ಎಂದು ಟೆರಾಫಾರ್ಮ್ ಮೊದಲೇ ತೋರಿಸುವ ಪಟ್ಟಿ) "ಅಳಿಸುವುದು" ಎಂಬ ಸಾಲು ಸೊನ್ನೆಗಿಂತ ಹೆಚ್ಚಿದ್ದರೆ ಪೈಪ್‌ಲೈನ್ ನಿಂತು ಮನುಷ್ಯರ ಒಪ್ಪಿಗೆ ಕೇಳುವಂತೆಯೂ ಮಾಡಿ.

ಪೂರ್ತಿ ಪಟ್ಟಿ ಕಳಿಸುವ ಎಪಿಐಗಳಲ್ಲಿ ಏನು ಎಚ್ಚರ ಬೇಕು?

ಬರೆಯದೆ ಬಿಟ್ಟದ್ದು ಅಳಿಸಿಹೋಗುತ್ತದೆ ಎಂಬ ಎಚ್ಚರ. ಎಫ್5 ಬಿಗ್-ಐಪಿ ಎಂಬ ಲೋಡ್ ಬ್ಯಾಲೆನ್ಸರ್‌ನ ಎಎಸ್3 ಎಪಿಐನಲ್ಲಿ ಒಂದು ಟೆನೆಂಟ್‌ನ (ಆ್ಯಪ್‌ಗಳ ಒಂದು ಪ್ರತ್ಯೇಕ ವಿಭಾಗ) ಘೋಷಣೆ ಕಳಿಸಿದರೆ, ಅದರಲ್ಲಿ ಹೆಸರಿಸದ ಆ್ಯಪ್‌ಗಳು ಆ ಟೆನೆಂಟ್‌ನಿಂದ ಹೋಗುತ್ತವೆ. ಟೆನೆಂಟ್ ಅನ್ನು ಖಾಲಿ ಕಳಿಸಿದರೆ ಟೆನೆಂಟೇ ಹೋಗುತ್ತದೆ. ಓಪನ್‌ಸ್ಟ್ಯಾಕ್ ಕ್ಲೌಡ್ ವೇದಿಕೆಯ ಲೋಡ್ ಬ್ಯಾಲೆನ್ಸರ್ ಸೇವೆಯಾದ ಆಕ್ಟೇವಿಯಾದಲ್ಲಿ ಪೂಲ್‌ನ ಸದಸ್ಯರನ್ನು ಒಟ್ಟಿಗೆ ಬದಲಿಸುವ ಕರೆಯೂ ಹೀಗೆಯೇ, ಪಟ್ಟಿಯಲ್ಲಿ ಇಲ್ಲದವರು ಪೂಲ್‌ನಿಂದ ಹೊರಗೆ. ಬರೀ ಸೇರಿಸುವುದಾದರೆ ಅದಕ್ಕೆ ಬೇರೆ ಆಯ್ಕೆಯನ್ನು ಸ್ಪಷ್ಟವಾಗಿ ಕೊಡಬೇಕು.

ಇದು ದೋಷವಲ್ಲ, ಹೀಗಿರಬೇಕೆಂದೇ ಮಾಡಿದ್ದು. ಪಟ್ಟಿ ಎಲ್ಲಿಂದ ಬರುತ್ತದೆ ಎಂಬುದೇ ಇಲ್ಲಿನ ತೊಂದರೆ. ಆ ಪಟ್ಟಿ ಕೊಡುವ ಇನ್ವೆಂಟರಿ ಸರ್ವರ್ ಒಂದು ಕ್ಷಣ ಉತ್ತರ ಕೊಡದೆ ಹೋದಾಗ ಸ್ಕ್ರಿಪ್ಟ್ ಅದನ್ನು "ಸರ್ವರ್ ಒಂದೂ ಇಲ್ಲ" ಎಂದು ಓದಿಕೊಂಡರೆ ಇಡೀ ಪೂಲ್ ಖಾಲಿ. ಆದ್ದರಿಂದ ಎರಡು ತಡೆಗಳು ಕಡ್ಡಾಯ: ಖಾಲಿ ಪಟ್ಟಿ ಬಂದರೆ ಸ್ಕ್ರಿಪ್ಟ್ ಎರರ್ ಕೊಟ್ಟು ನಿಲ್ಲಬೇಕು, ಒಂದು ಓಟದಲ್ಲಿ ಪೂಲ್‌ನ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯುವ ಹಾಗಿದ್ದರೂ ನಿಲ್ಲಬೇಕು.

ಆಕ್ಟೇವಿಯಾದಲ್ಲಿ ನಡುನಡುವೆ 409 ಬರುತ್ತದೆ. ಯಾಕೆ?

409 ಎಂದರೆ ಈಗಿನ ಸ್ಥಿತಿಗೆ ಹೊಂದದ ಕರೆ ಎಂಬ ಎರರ್. ಹಿಂದಿನ ಬದಲಾವಣೆ ಮುಗಿಯುವ ತನಕ ಆ ಲೋಡ್ ಬ್ಯಾಲೆನ್ಸರ್ "ಪೆಂಡಿಂಗ್ ಅಪ್‌ಡೇಟ್" ಸ್ಥಿತಿಯಲ್ಲಿರುತ್ತದೆ. ಆಗ ಬೇರೆ ಬದಲಾವಣೆಯನ್ನು ಒಪ್ಪುವುದಿಲ್ಲ. ಪ್ರತಿ ಕರೆಯ ನಂತರ ಸ್ಥಿತಿ "ಆ್ಯಕ್ಟಿವ್" ಆಗುವವರೆಗೆ ಕಾದು ಮುಂದಿನದನ್ನು ಕಳಿಸಿ. 20 ಸದಸ್ಯರನ್ನು 20 ಕರೆಗಳಲ್ಲಿ ಸೇರಿಸುವುದಕ್ಕಿಂತ ಒಂದೇ ಒಟ್ಟು ಕರೆ ಎಷ್ಟೋ ವೇಗ. ಅಂದ ಹಾಗೆ, ಆಕ್ಟೇವಿಯಾದ ಡೀಫಾಲ್ಟ್ ವಿನ್ಯಾಸದಲ್ಲಿ ಒಂದೇ ಆ್ಯಂಫೊರಾ (ಲೋಡ್ ಹಂಚುವ ಕೆಲಸ ಮಾಡುವ) ವಿಎಂ ಇರುತ್ತದೆ. ಜೋಡಿ ಬೇಕಿದ್ದರೆ ಆ್ಯಕ್ಟಿವ್-ಸ್ಟ್ಯಾಂಡ್‌ಬೈ ಎಂದು ಕೇಳಿ ಪಡೆಯಬೇಕು.

ಎಚ್‌ಎ ಪ್ರಾಕ್ಸಿಯಲ್ಲಿ ಪ್ರತಿ ಬದಲಾವಣೆಗೂ ರಿಲೋಡ್ ಮಾಡಬಹುದೇ?

ಮಾಡಬಹುದು. ರಿಲೋಡ್ ಎಂದರೆ ಬದಲಾದ ಕಾನ್ಫಿಗ್‌ನೊಂದಿಗೆ ಹೊಸ ಪ್ರೊಸೆಸ್ ಶುರುವಾಗುವುದು. 2017ರಲ್ಲಿ ಬಂದ 1.8ನೇ ಆವೃತ್ತಿಯಿಂದ ಕೇಳುವ ಸಾಕೆಟ್‌ಗಳನ್ನು ಹಳೆಯ ಪ್ರೊಸೆಸ್ ಹೊಸದಕ್ಕೆ ದಾಟಿಸಬಲ್ಲದಾದ್ದರಿಂದ ಕನೆಕ್ಷನ್ ಬಿದ್ದುಹೋಗುವ ಭಯವಿಲ್ಲ. ಆದರೆ ಹಳೆಯ ಪ್ರೊಸೆಸ್ ತನ್ನ ಕೊನೆಯ ಕನೆಕ್ಷನ್ ಮುಗಿಯುವ ತನಕ ಸಾಯುವುದಿಲ್ಲ. ವೆಬ್‌ಸಾಕೆಟ್ (ಬಹುಹೊತ್ತು ತೆರೆದೇ ಇರುವ ಕನೆಕ್ಷನ್) ಇರುವ ಕಡೆ ಅದು ಗಂಟೆಗಟ್ಟಲೆ ಉಳಿದೀತು. ನಿಮಿಷಕ್ಕೊಂದು ರಿಲೋಡ್ ಆದರೆ ಹತ್ತಾರು ಹಳೆಯ ಪ್ರೊಸೆಸ್‌ಗಳು ಸೇರಿಕೊಂಡು ಮೆಮೊರಿ ತಿನ್ನುತ್ತವೆ. ಹಳೆಯ ಪ್ರೊಸೆಸ್‌ಗೆ ಗಡುವು ಹಾಕುವ "ಹಾರ್ಡ್-ಸ್ಟಾಪ್-ಆಫ್ಟರ್" ಸೆಟ್ಟಿಂಗ್ ಅನ್ನು ಮರೆಯದೆ ಕೊಡಿ.

ಸದಸ್ಯರನ್ನು ಒಳಗೆ ಹೊರಗೆ ಮಾಡಲು ರನ್‌ಟೈಮ್ ಎಪಿಐ (ಓಡುತ್ತಿರುವ ಪ್ರೊಸೆಸ್‌ಗೇ ಆದೇಶ ಕೊಡುವುದು) ಒಳ್ಳೆಯ ದಾರಿ, ರಿಲೋಡೇ ಬೇಡ. ಇಲ್ಲಿ ಮೂರು ಸಂಗತಿ ಜನರನ್ನು ಎಡವಿಸುತ್ತವೆ. ಹೊಸದಾಗಿ ಸೇರಿಸಿದ ಸರ್ವರ್ ಮೇಂಟೆನೆನ್ಸ್ ಸ್ಥಿತಿಯಲ್ಲೇ ಹುಟ್ಟುತ್ತದೆ, ಅದನ್ನು ಎನೇಬಲ್ ಮಾಡಬೇಕು. ಅದರ ಹೆಲ್ತ್ ಚೆಕ್ ಅನ್ನು ಪ್ರತ್ಯೇಕವಾಗಿ ಎನೇಬಲ್ ಮಾಡಬೇಕು. ಇದನ್ನು ಬಿಟ್ಟವರಿಗೆ ಸತ್ತ ಸರ್ವರ್‌ಗೂ ಟ್ರಾಫಿಕ್ ಹೋಗುತ್ತಿರುವುದು ತಡವಾಗಿ ಗೊತ್ತಾಗುತ್ತದೆ. ಇನ್ನು, ರನ್‌ಟೈಮ್‌ನಲ್ಲಿ ಮಾಡಿದ್ದು ಕಾನ್ಫಿಗ್ ಫೈಲ್‌ಗೆ ಹೋಗುವುದಿಲ್ಲ. ಮುಂದಿನ ರಿಲೋಡ್‌ನಲ್ಲಿ ಅಳಿಸಿಹೋಗುತ್ತದೆ. ರನ್‌ಟೈಮ್‌ಗೂ ಫೈಲ್‌ಗೂ ಒಂದೇ ಸ್ಕ್ರಿಪ್ಟ್ ಬರೆಯಲಿ.

ಡಿಎನ್‌ಎಸ್ ಹೆಸರು ಕೊಟ್ಟು ಬಿಟ್ಟರೆ ಸಾಕಲ್ಲವೇ?

ಲೋಡ್ ಬ್ಯಾಲೆನ್ಸರ್ ಆ ಹೆಸರನ್ನು ಮತ್ತೆ ಮತ್ತೆ ಕೇಳಿದರೆ ಸಾಕು. ಎಂಜಿನ್‌ಎಕ್ಸ್‌ನ ಓಪನ್ ಸೋರ್ಸ್ ಆವೃತ್ತಿ ಬಹುಕಾಲ ಅಪ್‌ಸ್ಟ್ರೀಮ್ ಬ್ಲಾಕ್‌ನ (ಸರ್ವರ್‌ಗಳ ಪಟ್ಟಿ ಇರುವ ಭಾಗ) ಹೆಸರುಗಳನ್ನು ಶುರುವಾಗುವಾಗ ಒಮ್ಮೆ ಮಾತ್ರ ಕೇಳುತ್ತಿತ್ತು. ಐಪಿ ಬದಲಾದರೂ ಹಳೆಯದಕ್ಕೇ ಕಳಿಸುತ್ತಿತ್ತು. 1.27.3ರಿಂದ ಆ ಬ್ಲಾಕ್‌ನಲ್ಲಿ ಹೆಸರನ್ನು ಮತ್ತೆ ಮತ್ತೆ ಕೇಳಿಸುವ "ರಿಸಾಲ್ವ್" ಸಿಗುತ್ತದೆ. ಎಚ್‌ಎ ಪ್ರಾಕ್ಸಿಯಲ್ಲಿ "ಸರ್ವರ್-ಟೆಂಪ್ಲೇಟ್" (ಸರ್ವರ್‌ಗಳಿಗೆ ಮೊದಲೇ ಜಾಗ ಕಾಯ್ದಿಡುವ ಸಾಲು) ಜೊತೆ ರಿಸಾಲ್ವರ್ ವಿಭಾಗ ಬರೆಯಬೇಕು. ಟೆಂಪ್ಲೇಟ್‌ನಲ್ಲಿ 10 ಜಾಗ ಎಂದು ಬರೆದು 12 ವಿಎಂ ಬಂದರೆ ಕೊನೆಯ ಎರಡಕ್ಕೆ ಏನೂ ಹೋಗುವುದಿಲ್ಲ, ಎರರ್ ಕೂಡ ಕಣ್ಣಿಗೆ ಬೀಳುವುದಿಲ್ಲ. ಜಾಗಗಳನ್ನು ಧಾರಾಳವಾಗಿ ಇಡಿ.

ಹೆಲ್ತ್ ಚೆಕ್‌ನಲ್ಲಿ ಏನನ್ನು ನೋಡಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಆಟೊಮೇಶನ್‌ನ ಎಲ್ಲ ತೀರ್ಮಾನಗಳೂ ಹೆಲ್ತ್ ಚೆಕ್‌ನ ಮೇಲೆ ನಿಂತಿವೆ. ಅದು ಸುಳ್ಳು ಹೇಳಿದರೆ ಉಳಿದದ್ದೆಲ್ಲ ಆ ಸುಳ್ಳನ್ನೇ ವೇಗವಾಗಿ ಜಾರಿಗೆ ತರುತ್ತದೆ.

ಪೋರ್ಟ್ ತೆರೆದಿದೆಯೇ ಎಂಬ ಚೆಕ್ ತೀರಾ ಕಡಿಮೆ. ಆ್ಯಪ್‌ನ ಥ್ರೆಡ್‌ಗಳೆಲ್ಲ ಸಿಕ್ಕಿಬಿದ್ದಿದ್ದರೂ ಕರ್ನಲ್ ಕನೆಕ್ಷನ್ ಅನ್ನು ಒಪ್ಪಿಕೊಳ್ಳುತ್ತಲೇ ಇರುತ್ತದೆ. ಇನ್ನೊಂದು ತುದಿಗೆ ಹೋಗಿ ಡೇಟಾಬೇಸ್, ಕ್ಯಾಶ್, ಹೊರಗಿನ ಪಾವತಿ ಸೇವೆ ಎಲ್ಲವನ್ನೂ ಮುಟ್ಟಿ ಬರುವ ಚೆಕ್ ತೀರಾ ಹೆಚ್ಚು. ಡೇಟಾಬೇಸ್ 10 ಸೆಕೆಂಡ್ ನಿಧಾನವಾದರೆ ಎಲ್ಲ ಸರ್ವರ್‌ಗಳೂ ಒಟ್ಟಿಗೆ ಅನಾರೋಗ್ಯ ಎನ್ನುತ್ತವೆ, ಪೂಲ್ ಖಾಲಿಯಾಗುತ್ತದೆ, ಡೇಟಾಬೇಸ್ ಬೇಡದ ಪುಟಗಳೂ 503 (ಸೇವೆ ಲಭ್ಯವಿಲ್ಲ) ಕೊಡುತ್ತವೆ. ಸರಿಯಾದ ಪ್ರಶ್ನೆ ಇದು: "ಈ ಸರ್ವರ್ ಅನ್ನು ಬಿಟ್ಟು ಬೇರೆ ಸರ್ವರ್‌ಗೆ ಕಳಿಸಿದರೆ ರಿಕ್ವೆಸ್ಟ್‌ಗೆ ಲಾಭವಿದೆಯೇ?" ಎಲ್ಲರೂ ಹಂಚಿಕೊಂಡಿರುವ ಡೇಟಾಬೇಸ್ ಬಿದ್ದರೆ ಲಾಭವಿಲ್ಲ, ಅದನ್ನು ಅಲರ್ಟ್‌ಗೆ ಬಿಡಿ. ಈ ಸರ್ವರ್‌ನ ಡಿಸ್ಕ್ ತುಂಬಿದ್ದರೆ, ಅದರ ಕನೆಕ್ಷನ್ ಪೂಲ್ ಕಟ್ಟಿಕೊಂಡಿದ್ದರೆ, ಸ್ಟಾರ್ಟ್‌ಅಪ್ ಇನ್ನೂ ಮುಗಿಯದಿದ್ದರೆ ಲಾಭವಿದೆ, ಅದು ಹೆಲ್ತ್ ಚೆಕ್‌ನ ಕೆಲಸ.

ಇನ್ನು ಅಂಕಿಗಳು. ಎಚ್‌ಎ ಪ್ರಾಕ್ಸಿಯ ಡೀಫಾಲ್ಟ್ 2 ಸೆಕೆಂಡಿಗೊಮ್ಮೆ, 3 ಸಲ ಸೋತರೆ ಹೊರಗೆ, 2 ಸಲ ಗೆದ್ದರೆ ಒಳಗೆ. ಹೀಗಾಗಿ ಸತ್ತ ಸರ್ವರ್ ಸುಮಾರು 6 ಸೆಕೆಂಡ್ ಟ್ರಾಫಿಕ್ ಪಡೆಯುತ್ತದೆ. ಅದನ್ನು ಕಡಿಮೆ ಮಾಡಲು ಅವಧಿಯನ್ನು ಅರ್ಧ ಸೆಕೆಂಡಿಗೆ ಇಳಿಸುವ ಮುನ್ನ ಗುಣಾಕಾರ ಮಾಡಿ. 4 ಲೋಡ್ ಬ್ಯಾಲೆನ್ಸರ್, 200 ಸರ್ವರ್, 2 ಸೆಕೆಂಡ್ ಎಂದರೆ ಸೆಕೆಂಡಿಗೆ 400 ಚೆಕ್. ಪ್ರತಿ ಚೆಕ್ ಡೇಟಾಬೇಸ್‌ಗೆ ಒಂದು ಕ್ವೆರಿ ಹಾಕಿದರೆ ಅಲ್ಲಿಗೆ 400 ಕ್ವೆರಿ. ಅರ್ಧ ಸೆಕೆಂಡಿಗೆ ಇಳಿಸಿದರೆ 1600. ಇಷ್ಟೂ ಒಬ್ಬ ಬಳಕೆದಾರರೂ ಇಲ್ಲದ ಹೊತ್ತಿನಲ್ಲಿ.

ಎಂಜಿನ್‌ಎಕ್ಸ್ ಓಪನ್ ಸೋರ್ಸ್ ತಾನಾಗಿ ಹೋಗಿ ಪರೀಕ್ಷಿಸುವುದಿಲ್ಲ. ನಿಜವಾದ ರಿಕ್ವೆಸ್ಟ್ ಸೋತಾಗಲೇ ಅದಕ್ಕೆ ಗೊತ್ತಾಗುವುದು. ಡೀಫಾಲ್ಟ್‌ನಲ್ಲಿ ಒಂದು ಸೋಲು ಸಾಕು, 10 ಸೆಕೆಂಡ್ ಆ ಸರ್ವರ್ ಹೊರಗೆ. ಟ್ರಾಫಿಕ್ ಜಾಸ್ತಿ ಇರುವ ಕಡೆ ಈ 1 ತೀರಾ ಬಿಗಿ. 3ರಿಂದ 5 ಇಟ್ಟು ನೋಡಿ.

ಎಲ್ಲ ಸರ್ವರ್‌ಗಳೂ ಒಟ್ಟಿಗೆ ಅನಾರೋಗ್ಯ ಎಂದರೆ ಲೋಡ್ ಬ್ಯಾಲೆನ್ಸರ್ ಏನು ಮಾಡಬೇಕು?

ಹತ್ತರಲ್ಲಿ ಎಂಟು ಒಂದೇ ಕ್ಷಣ ಸತ್ತವು ಎಂಬುದಕ್ಕಿಂತ ಚೆಕ್‌ನಲ್ಲೇ ಏನೋ ತಪ್ಪಾಗಿದೆ ಎಂಬುದು ಹೆಚ್ಚು ಸಂಭವ. ಉಳಿದ ಎರಡರ ಮೇಲೆ ಪೂರ್ತಿ ಭಾರ ಹೇರಿದರೆ ಅವೂ ಬೀಳುತ್ತವೆ. ಎನ್‌ವಾಯ್ ಎಂಬ ಪ್ರಾಕ್ಸಿಯಲ್ಲಿ ಆರೋಗ್ಯವಂತರು ಶೇ. 50ಕ್ಕಿಂತ ಕಡಿಮೆಯಾದರೆ ಹೆಲ್ತ್ ಚೆಕ್ ಅನ್ನು ಕಡೆಗಣಿಸಿ ಎಲ್ಲರಿಗೂ ಹಂಚುವ ವ್ಯವಸ್ಥೆ ಡೀಫಾಲ್ಟ್ ಆಗಿಯೇ ಇದೆ. ನಿಮ್ಮ ಉತ್ಪನ್ನದಲ್ಲಿ ಇಂಥದ್ದಿಲ್ಲದಿದ್ದರೆ, ಅನಾರೋಗ್ಯ ಎಂದ ವಿಎಂಗಳನ್ನು ಅಳಿಸಿ ಹೊಸದು ಹುಟ್ಟಿಸುವ ಸ್ಕ್ರಿಪ್ಟ್‌ಗಾದರೂ ಈ ಮಿತಿ ಇರಲೇಬೇಕು.

ಒಂದು ವಿಎಂ ಅನ್ನು ಯಾರಿಗೂ ತೊಂದರೆಯಾಗದಂತೆ ಹೊರತೆಗೆಯುವ ಕ್ರಮ ಏನು?

ಒಂದು ಸರ್ವರ್ ಅನ್ನು ಹತ್ತಿರದಿಂದ ನೋಡೋಣ. ಅದರ ಮೇಲೆ 340 ಕನೆಕ್ಷನ್ ಇವೆ, ಬಹುತೇಕ ರಿಕ್ವೆಸ್ಟ್ ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತವೆ, ವರದಿ ಡೌನ್‌ಲೋಡ್ ಮಾತ್ರ 40 ಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ.

1. ಲೋಡ್ ಬ್ಯಾಲೆನ್ಸರ್‌ನಲ್ಲಿ ಸರ್ವರ್ ಅನ್ನು ಡ್ರೈನ್ ಸ್ಥಿತಿಗೆ ಹಾಕಿ. ಎಲ್ಲ ಲೋಡ್ ಬ್ಯಾಲೆನ್ಸರ್‌ಗಳಲ್ಲೂ ಹಾಕಿ. ಜೋಡಿಯಲ್ಲಿ ಒಂದಕ್ಕೆ ಮಾತ್ರ ಹೇಳಿ ಇನ್ನೊಂದನ್ನು ಮರೆಯುವುದು ತೀರಾ ಸಾಮಾನ್ಯ ತಪ್ಪು.
2. ಕನೆಕ್ಷನ್ ಎಣಿಕೆ ಇಳಿಯುವುದನ್ನು 5 ಸೆಕೆಂಡಿಗೊಮ್ಮೆ ನೋಡಿ. 340 ಮೊದಲ ಕೆಲವು ಸೆಕೆಂಡಿನಲ್ಲೇ ಬೆರಳೆಣಿಕೆಗೆ ಇಳಿಯುತ್ತದೆ. ಉಳಿದವು ಡೌನ್‌ಲೋಡ್‌ಗಳು.
3. ಸೊನ್ನೆಗೆ ಬರುವ ತನಕ ಕಾಯಿರಿ, ಆದರೆ ಗಡುವು ಇರಲಿ. ಅತಿ ಉದ್ದದ ರಿಕ್ವೆಸ್ಟ್ 40 ಸೆಕೆಂಡ್ ಆದರೆ ಗಡುವು 60.
4. ಗಡುವು ಮುಗಿದ ಮೇಲೆ ಮೇಂಟೆನೆನ್ಸ್ ಸ್ಥಿತಿಗೆ ಹಾಕಿ, ಆಮೇಲೆ ಆ್ಯಪ್‌ಗೆ ನಿಲ್ಲುವ ಸಿಗ್ನಲ್ ಕಳಿಸಿ.
5. ಆ್ಯಪ್ ನಿಂತ ಮೇಲೆ ಪೂಲ್‌ನಿಂದ ಹೆಸರು ತೆಗೆದು, ಕೊನೆಗೆ ವಿಎಂ ಅಳಿಸಿ.

ಡ್ರೈನ್‌ಗೂ ಮೇಂಟೆನೆನ್ಸ್‌ಗೂ ಇರುವ ವ್ಯತ್ಯಾಸ ಮುಖ್ಯ. ಎಚ್‌ಎ ಪ್ರಾಕ್ಸಿಯಲ್ಲಿ ಡ್ರೈನ್ ಎಂದರೆ ಹೊಸಬರು ಬೇಡ. ಆದರೆ ಕುಕಿ ಹಿಡಿದು ಬಂದ ಹಳೆಯ ಬಳಕೆದಾರರು ಇನ್ನೂ ಒಳಗೆ ಬರುತ್ತಾರೆ, ಹಾಗಾಗಿ ಅಂಟು ಸೆಷನ್ (ಒಬ್ಬ ಬಳಕೆದಾರರನ್ನು ಸದಾ ಒಂದೇ ಸರ್ವರ್‌ಗೆ ಕಳಿಸುವುದು) ಇರುವ ಕಡೆ ಎಣಿಕೆ ಸೊನ್ನೆಗೆ ಬಾರದೆಯೂ ಇರಬಹುದು. ಮೇಂಟೆನೆನ್ಸ್ ಎಂದರೆ ಯಾರೂ ಬೇಡ, ಹೆಲ್ತ್ ಚೆಕ್ ಕೂಡ ನಿಲ್ಲುತ್ತದೆ.

ಲೋಡ್ ಬ್ಯಾಲೆನ್ಸರ್‌ಗೆ ಹೇಳದೆ ಆ್ಯಪ್ ಅನ್ನೇ ಮೊದಲು ನಿಲ್ಲಿಸಿದರೆ, ಹೆಲ್ತ್ ಚೆಕ್‌ಗೆ ಗೊತ್ತಾಗುವ ಆ 6 ಸೆಕೆಂಡ್ ಬಳಕೆದಾರರಿಗೆ ಎರರ್. ಆ್ಯಪ್ ನಿಲ್ಲಿಸುವಾಗ ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಡೀಫಾಲ್ಟ್ ಗಡುವು 90 ಸೆಕೆಂಡ್, ಅದು ದಾಟಿದರೆ ಬಲವಂತವಾಗಿ ಕೊಲ್ಲುತ್ತದೆ. ನಿಮ್ಮ ಉದ್ದದ ಕೆಲಸ ಅದಕ್ಕಿಂತ ದೊಡ್ಡದಾಗಿದ್ದರೆ ಯೂನಿಟ್ ಫೈಲ್‌ನಲ್ಲಿ ಬದಲಿಸಿಕೊಳ್ಳಿ.

ಆನ್ಸಿಬಲ್‌ನಲ್ಲಿ ಈ ಇಡೀ ಕ್ರಮವನ್ನು "ಸೀರಿಯಲ್" 1 (ಒಂದು ಸಲಕ್ಕೆ ಒಂದೇ ಸರ್ವರ್) ಇಟ್ಟು ನಡೆಸಬಹುದು. ವಿಫಲವಾದವರ ಪ್ರಮಾಣಕ್ಕೆ ಮಿತಿಯನ್ನು 0 ಇಡಿ, ಮೊದಲ ಸರ್ವರ್‌ನಲ್ಲೇ ಸೋತರೆ ಉಳಿದವನ್ನು ಮುಟ್ಟದೆ ನಿಲ್ಲುತ್ತದೆ.

ಯಾವ ಸರ್ವರೂ ಬಿದ್ದಿಲ್ಲ, ಆದರೂ ಸಾವಿರದಲ್ಲಿ ಒಂದೆರಡು 502 ಬರುತ್ತವೆ. ಎಲ್ಲಿ ಹುಡುಕುವುದು?

ಕೀಪ್‌ಅಲೈವ್ ಅವಧಿಗಳಲ್ಲಿ, ಅಂದರೆ ಸುಮ್ಮನಿರುವ ಕನೆಕ್ಷನ್ ಅನ್ನು ಎಷ್ಟು ಹೊತ್ತು ತೆರೆದಿಡುತ್ತಾರೆ ಎಂಬಲ್ಲಿ. 502 ಎಂದರೆ ಹಿಂಬದಿಯ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲ ಎಂಬ ಎರರ್. ಲೋಡ್ ಬ್ಯಾಲೆನ್ಸರ್ ಹಿಂಬದಿಯ ಕನೆಕ್ಷನ್ ಅನ್ನು ಮತ್ತೆ ಬಳಸಲೆಂದು ತೆರೆದಿಟ್ಟುಕೊಳ್ಳುತ್ತದೆ. ಎಂಜಿನ್‌ಎಕ್ಸ್‌ನ ಅಪ್‌ಸ್ಟ್ರೀಮ್‌ನಲ್ಲಿ ಹಾಗೆ ಇಟ್ಟುಕೊಳ್ಳುವ ಡೀಫಾಲ್ಟ್ ಅವಧಿ 60 ಸೆಕೆಂಡ್. ಆ ಬದಿಯಲ್ಲಿ ಆ್ಯಪ್ ನಡೆಸುವ ಅಪಾಚೆ ವೆಬ್ ಸರ್ವರ್‌ನ ಡೀಫಾಲ್ಟ್ 5 ಸೆಕೆಂಡ್. ಐದನೇ ಸೆಕೆಂಡಿಗೆ ಅಪಾಚೆ ಕನೆಕ್ಷನ್ ಮುಚ್ಚುವ ಪ್ಯಾಕೆಟ್ ಕಳಿಸುತ್ತದೆ. ಅದು ದಾರಿಯಲ್ಲಿರುವಾಗಲೇ ಲೋಡ್ ಬ್ಯಾಲೆನ್ಸರ್ ಅದೇ ಕನೆಕ್ಷನ್‌ನಲ್ಲಿ ಹೊಸ ರಿಕ್ವೆಸ್ಟ್ ತಳ್ಳುತ್ತದೆ. ಎರಡೂ ನಡುದಾರಿಯಲ್ಲಿ ಒಂದನ್ನೊಂದು ದಾಟುತ್ತವೆ. ಉತ್ತರವಾಗಿ ಬರುವುದು ರೀಸೆಟ್, ಬಳಕೆದಾರರಿಗೆ ಕಾಣುವುದು 502. ಪೋಸ್ಟ್ (ಡೇಟಾ ಕಳಿಸುವ) ರಿಕ್ವೆಸ್ಟ್ ಆಗಿದ್ದರೆ ಮತ್ತೆ ಕಳಿಸುವುದೂ ಸುರಕ್ಷಿತವಲ್ಲ.

ನಿಯಮ ಸರಳ: ಮುಚ್ಚುವವರು ಯಾವಾಗಲೂ ಲೋಡ್ ಬ್ಯಾಲೆನ್ಸರ್ ಆಗಿರಬೇಕು. ಆ್ಯಪ್ 75 ಸೆಕೆಂಡ್ ಇಟ್ಟುಕೊಳ್ಳಲಿ, ಲೋಡ್ ಬ್ಯಾಲೆನ್ಸರ್ 60ರಲ್ಲೇ ಬಿಡಲಿ. ಈ ಎರಡು ಅಂಕಿಗಳನ್ನು ಒಂದೇ ವೇರಿಯಬಲ್ ಫೈಲ್‌ನಿಂದ ಎರಡೂ ಕಡೆ ತುಂಬಿಸಿ, ಆಗ ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುವ ಪ್ರಶ್ನೆಯೇ ಬರುವುದಿಲ್ಲ.

ಹೊಸ ವಿಎಂ ಸೇರಿಸಿದ ಕೂಡಲೇ ಅದೇ ಮೊದಲು ಕುಸಿಯುತ್ತದೆ. ಯಾಕೆ?

ಲೀಸ್ಟ್ ಕನೆಕ್ಷನ್ ವಿಧಾನದಲ್ಲಿ ಸೊನ್ನೆ ಕನೆಕ್ಷನ್ ಇರುವವರಿಗೆ ಮೊದಲ ಮಣೆ. ಹೊಸ ವಿಎಂಗೆ ಕ್ಯಾಶ್ ತುಂಬಿಲ್ಲ, ಜಾವಾ ಆ್ಯಪ್ ಆದರೆ ಕೋಡ್ ಇನ್ನೂ ಬಿಸಿಯಾಗಿಲ್ಲ (ಪೂರ್ತಿ ವೇಗಕ್ಕೆ ಬಂದಿಲ್ಲ), ಆಗಲೇ ಎಲ್ಲ ಹೊಸ ಟ್ರಾಫಿಕ್ ಅದರ ಮೇಲೆ ಬೀಳುತ್ತದೆ. ಸ್ಲೋಸ್ಟಾರ್ಟ್ ಅನ್ನು 60 ಸೆಕೆಂಡ್ ಇಟ್ಟರೆ ಪಾಲು ನಿಧಾನವಾಗಿ ಏರುತ್ತದೆ. ಆದರೆ ಎಚ್‌ಎ ಪ್ರಾಕ್ಸಿ ತಾನೇ ಶುರುವಾಗುವಾಗ ಸ್ಲೋಸ್ಟಾರ್ಟ್ ಅನ್ವಯಿಸುವುದಿಲ್ಲ, ಜೊತೆಗೆ ಮೊದಲ ಚೆಕ್ ಮುಗಿಯುವ ಮುನ್ನ ಸರ್ವರ್ ಆರೋಗ್ಯವಾಗಿದೆ ಎಂದೇ ಅದು ನಂಬಿಕೊಳ್ಳುತ್ತದೆ. ಇನ್ನೂ ಬೂಟ್ ಆಗುತ್ತಿರುವ ವಿಎಂ ಅನ್ನು ಕಾನ್ಫಿಗ್‌ಗೆ ಬರೆದು ರಿಲೋಡ್ ಮಾಡಿದರೆ ಎರರ್ ಖಚಿತ. ಸ್ಕ್ರಿಪ್ಟ್ ತಾನೇ ಹೆಲ್ತ್ ವಿಳಾಸಕ್ಕೆ ಹೋಗಿ 200 ಬಂದುದನ್ನು ಖಾತ್ರಿ ಮಾಡಿಕೊಂಡ ಮೇಲಷ್ಟೇ ಸೇರಿಸಲಿ.

ಇದೇ ವಿಧಾನದ ಇನ್ನೊಂದು ಬಲೆ: ಕೆಟ್ಟುಹೋದ ಸರ್ವರ್ 2 ಮಿಲಿಸೆಕೆಂಡಿನಲ್ಲಿ 500 ಎಂದು ಉತ್ತರಿಸಿದರೆ ಅದರ ಕನೆಕ್ಷನ್ ಎಣಿಕೆ ಸದಾ ಕಡಿಮೆ, ಹಾಗಾಗಿ ಅತಿ ಹೆಚ್ಚು ಟ್ರಾಫಿಕ್ ಅದಕ್ಕೇ. ನಿಜವಾದ ಉತ್ತರಗಳ ಎರರ್ ನೋಡಿ ಸರ್ವರ್ ಅನ್ನು ಹೊರಹಾಕುವ ಸೆಟ್ಟಿಂಗ್ ಇದ್ದರೆ ಹಾಕಿಕೊಳ್ಳಿ.

ಎರಡು ಲೋಡ್ ಬ್ಯಾಲೆನ್ಸರ್ ವಿಎಂಗಳ ನಡುವೆ ವರ್ಚುವಲ್ ಐಪಿ ಸರಿಯಾಗಿ ದಾಟುವುದಿಲ್ಲ. ಏನು ನೋಡಬೇಕು?

ವರ್ಚುವಲ್ ಐಪಿಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಪ್ರೋಟೊಕಾಲ್ ವಿಆರ್‌ಆರ್‌ಪಿ. ಅದು ಭೌತಿಕ ರೌಟರ್‌ಗಳಿಗಾಗಿ ಹುಟ್ಟಿದ್ದು, ವರ್ಚುವಲ್ ಸ್ವಿಚ್‌ಗಳು ಅದನ್ನು ಸುಲಭವಾಗಿ ಒಪ್ಪುವುದಿಲ್ಲ. ಅದು ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ. ಐಪಿ ಪ್ರೋಟೊಕಾಲ್ ಸಂಖ್ಯೆ 112, ಮಲ್ಟಿಕಾಸ್ಟ್ (ಒಟ್ಟಿಗೆ ಹಲವರಿಗೆ ತಲುಪುವ) ವಿಳಾಸ 224.0.0.18. ಫೈರ್‌ವಾಲ್‌ನಲ್ಲಿ "ಪೋರ್ಟ್ 112" ತೆರೆದು ಆಯಿತೆಂದುಕೊಂಡರೆ ಏನೂ ದಾಟುವುದಿಲ್ಲ, ಎರಡೂ ವಿಎಂಗಳು ತಾನೇ ಯಜಮಾನ ಎನ್ನುತ್ತವೆ, ಐಪಿ ಎರಡೂ ಕಡೆ ಕುಣಿಯುತ್ತದೆ. ಮಲ್ಟಿಕಾಸ್ಟ್ ನಂಬಲಾಗದ ನೆಟ್‌ವರ್ಕ್‌ನಲ್ಲಿ ವಿಆರ್‌ಆರ್‌ಪಿ ನಡೆಸುವ ಪ್ರೋಗ್ರಾಂ ಆದ ಕೀಪ್‌ಅಲೈವ್‌ಡಿಯ ಯುನಿಕಾಸ್ಟ್ (ಒಬ್ಬರಿಗೇ ನೇರವಾಗಿ ಕಳಿಸುವ) ವಿಧಾನಕ್ಕೆ ಬದಲಿಸಿ.

ಓಪನ್‌ಸ್ಟ್ಯಾಕ್‌ನಲ್ಲಿ ಪೋರ್ಟ್ ಸೆಕ್ಯುರಿಟಿ ತನಗೆ ಗೊತ್ತಿಲ್ಲದ ಐಪಿಯ ಪ್ಯಾಕೆಟ್‌ಗಳನ್ನು ಎಸೆಯುತ್ತದೆ. ಎರಡೂ ವಿಎಂಗಳ ಪೋರ್ಟ್‌ಗೆ ವರ್ಚುವಲ್ ಐಪಿಯನ್ನು ಅನುಮತಿಸಿದ ವಿಳಾಸವಾಗಿ ಸೇರಿಸಬೇಕು. ವಿಎಂವೇರ್‌ನ ವರ್ಚುವಲೈಸೇಶನ್ ವೇದಿಕೆಯಾದ ವಿಸ್ಫಿಯರ್‌ನ ಡಿಸ್ಟ್ರಿಬ್ಯೂಟೆಡ್ ಸ್ವಿಚ್‌ನಲ್ಲಿ ಬೇರೆ ಮ್ಯಾಕ್ ವಿಳಾಸದಿಂದ (ನೆಟ್‌ವರ್ಕ್ ಕಾರ್ಡ್‌ನ ಗುರುತು) ಕಳಿಸುವುದು ಡೀಫಾಲ್ಟ್ ಆಗಿ ನಿಷಿದ್ಧ. ಕೀಪ್‌ಅಲೈವ್‌ಡಿ ತಾನಾಗಿ ವಿಎಂನ ಸ್ವಂತ ಮ್ಯಾಕ್ ಬಳಸಿ ಎಆರ್‌ಪಿ (ಐಪಿ ಯಾವ ಮ್ಯಾಕ್‌ನಲ್ಲಿದೆ ಎಂಬ ಸಂದೇಶ) ಮೂಲಕ ಸಾರುವುದರಿಂದ ಅದಕ್ಕೆ ತೊಂದರೆಯಿಲ್ಲ. ವರ್ಚುವಲ್ ಮ್ಯಾಕ್ ಆನ್ ಮಾಡಿದರೆ ಮಾತ್ರ ಸ್ವಿಚ್‌ನ ನೀತಿಯನ್ನು ಬದಲಿಸಬೇಕಾಗುತ್ತದೆ.

ಸಮಯದ ಲೆಕ್ಕವೂ ಇದೆ. ಸೆಕೆಂಡಿಗೊಂದು ಸಂದೇಶ, ಪ್ರಯಾರಿಟಿ 100 ಆದರೆ ಸ್ಟ್ಯಾಂಡ್‌ಬೈ 3.6 ಸೆಕೆಂಡ್ ಕಾದು ಕೈಗೆತ್ತಿಕೊಳ್ಳುತ್ತದೆ. ಇದನ್ನು ಇನ್ನಷ್ಟು ಚುರುಕು ಮಾಡಲು ಸಂದೇಶದ ಅವಧಿಯನ್ನು ಸೆಕೆಂಡಿನ ಹತ್ತನೇ ಒಂದಕ್ಕೆ ಇಳಿಸುವವರಿದ್ದಾರೆ. ವಿಎಂ ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಲೈವ್ ಆಗಿ ದಾಟುವಾಗ ಕೊನೆಗೆ ಕ್ಷಣಕಾಲ ಸ್ತಬ್ಧವಾಗುತ್ತದೆ. ಆ ಕ್ಷಣ ನಿಮ್ಮ ಅವಧಿಗಿಂತ ದೊಡ್ಡದಾದರೆ ಸುಮ್ಮಸುಮ್ಮನೆ ಫೇಲ್‌ಓವರ್. 1 ಸೆಕೆಂಡ್ ಬಿಟ್ಟು ಕೆಳಗಿಳಿಯದಿರುವುದೇ ಒಳ್ಳೆಯದು.

ಜೋಡಿಯ ಎರಡೂ ವಿಎಂಗಳು ಒಂದೇ ಹೋಸ್ಟ್‌ನಲ್ಲಿ ಕೂರದಂತೆ ಆ್ಯಂಟಿ-ಅಫಿನಿಟಿ ನಿಯಮ ಹಾಕುವುದನ್ನೂ ಸ್ಕ್ರಿಪ್ಟ್‌ನಲ್ಲೇ ಸೇರಿಸಿ. ಒಂದೇ ವಿಲ್ಯಾನ್‌ನಲ್ಲಿ ಎರಡು ಜೋಡಿಗಳಿದ್ದರೆ ವರ್ಚುವಲ್ ರೌಟರ್ ಐಡಿ ಬೇರೆಬೇರೆ ಇರಲಿ. ಟೆಂಪ್ಲೇಟ್‌ನಿಂದ ನಕಲು ಮಾಡಿದಾಗ ಎಲ್ಲ ಜೋಡಿಗಳಿಗೂ 51 ಎಂದೇ ಹೋಗಿರುತ್ತದೆ.

ಸಿಪಿಯು ಶೇ. 30 ಎಂದು ತೋರಿಸುತ್ತದೆ, ಆದರೂ ಲೋಡ್ ಬ್ಯಾಲೆನ್ಸರ್ ವಿಎಂ ನಿಧಾನ. ಏನಿರಬಹುದು?

ವಿಎಂ ಒಳಗಿನಿಂದ ಕಾಣುವುದು ಅರ್ಧ ಸತ್ಯ. ಹೋಸ್ಟ್‌ನಲ್ಲಿ ಸರದಿ ಸಿಗದೆ ಕಾದ ಸಮಯವನ್ನು ನೋಡಿ: ಕೆವಿಎಂನಲ್ಲಿ (ಲಿನಕ್ಸ್‌ನ ವರ್ಚುವಲೈಸೇಶನ್) ಸ್ಟೀಲ್, ವಿಸ್ಫಿಯರ್‌ನಲ್ಲಿ ಸಿಪಿಯು ರೆಡಿ. ವಿಸ್ಫಿಯರ್‌ನ ರಿಯಲ್‌ಟೈಮ್ ಚಾರ್ಟ್ 20 ಸೆಕೆಂಡಿನ ಮೊತ್ತವನ್ನು ಮಿಲಿಸೆಕೆಂಡಿನಲ್ಲಿ ಕೊಡುತ್ತದೆ, ಹಾಗಾಗಿ ಒಂದು ವಿಸಿಪಿಯುಗೆ (ವಿಎಂಗೆ ಕೊಟ್ಟ ವರ್ಚುವಲ್ ಸಿಪಿಯು) 1000 ಎಂದರೆ ಶೇ. 5. ಅಷ್ಟಾದರೆ ಲೋಡ್ ಬ್ಯಾಲೆನ್ಸರ್‌ಗೆ ಸಿಪಿಯು ಕಾಯ್ದಿರಿಸುವುದು ಒಳ್ಳೆಯದು. ವಿಸಿಪಿಯು ಹೆಚ್ಚಿಸಿದರೆ ಎಷ್ಟೋ ಸಲ ಕಾಯುವಿಕೆ ಇನ್ನೂ ಏರುತ್ತದೆ.

ಸಿಪಿಯು ಸರಿಯಾಗಿದ್ದರೆ ಮುಂದಿನ ಅನುಮಾನ ಪೋರ್ಟ್‌ಗಳ ಮೇಲೆ. ಲಿನಕ್ಸ್‌ನಲ್ಲಿ ಹೊರಹೋಗುವ ಕನೆಕ್ಷನ್‌ಗೆ ಡೀಫಾಲ್ಟ್ ಆಗಿ 32768ರಿಂದ 60999ರವರೆಗೆ, ಒಟ್ಟು 28232 ಪೋರ್ಟ್. ಲೋಡ್ ಬ್ಯಾಲೆನ್ಸರ್ ಮೊದಲು ಮುಚ್ಚಿದ ಕನೆಕ್ಷನ್‌ನ ಪೋರ್ಟ್ 60 ಸೆಕೆಂಡ್ ಟೈಮ್-ವೇಟ್‌ನಲ್ಲಿ (ಮತ್ತೆ ಬಳಕೆಗೆ ಸಿಗದ ಕಾಯುವ ಸ್ಥಿತಿ) ಕೂರುತ್ತದೆ. ಭಾಗಿಸಿ ನೋಡಿ: ಒಂದು ಸೋರ್ಸ್ ಐಪಿಯಿಂದ ಒಂದು ಸರ್ವರ್‌ನ ಒಂದು ಪೋರ್ಟ್‌ಗೆ ಸೆಕೆಂಡಿಗೆ ಸುಮಾರು 470 ಹೊಸ ಕನೆಕ್ಷನ್, ಅಷ್ಟೇ. ಹಿಂಬದಿಗೆ ಕೀಪ್‌ಅಲೈವ್ ಹಾಕುವುದು ಇದಕ್ಕೆ ಮೊದಲ ಮದ್ದು.

ಕರ್ನಲ್ ಲಾಗ್‌ನಲ್ಲಿ ಕನೆಕ್ಷನ್ ಟ್ರ್ಯಾಕಿಂಗ್ ಟೇಬಲ್ ತುಂಬಿದೆ ಎಂಬ ಸಾಲು ಇದೆಯೇ ಎಂದೂ ನೋಡಿ. ಸ್ಥಾಪಿತ ಟಿಸಿಪಿ ಕನೆಕ್ಷನ್ ಒಂದನ್ನು ಅದು ಡೀಫಾಲ್ಟ್ ಆಗಿ 5 ದಿನ ನೆನಪಿಟ್ಟುಕೊಳ್ಳುತ್ತದೆ.

ಚಿಕ್ಕ ಪುಟಗಳು ಬರುತ್ತವೆ, ದೊಡ್ಡವು ನೇತಾಡುತ್ತವೆ.

ಎಂಟಿಯು, ಅಂದರೆ ನೆಟ್‌ವರ್ಕ್ ಒಯ್ಯಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರ. ಭೌತಿಕ ನೆಟ್‌ವರ್ಕ್ ಮೇಲೆ ವರ್ಚುವಲ್ ನೆಟ್‌ವರ್ಕ್ ಕಟ್ಟುವ ವಿಎಕ್ಸ್‌ಲ್ಯಾನ್ ಪ್ರತಿ ಪ್ಯಾಕೆಟ್‌ಗೆ 50 ಬೈಟ್ ಹೊದಿಕೆ ಸೇರಿಸುತ್ತದೆ. ವಿಎಂ ಒಳಗೆ 1500 ಇದ್ದು ಕೆಳಗಿನ ಭೌತಿಕ ನೆಟ್‌ವರ್ಕ್ ಕೂಡ 1500 ಇದ್ದರೆ ತುಂಬಿದ ಪ್ಯಾಕೆಟ್ ದಾಟುವುದಿಲ್ಲ. ಕೆಳಗೆ 1600 ಅಥವಾ ಹೆಚ್ಚು ಇಡಿ, ಸಾಧ್ಯವಿಲ್ಲದಿದ್ದರೆ ವಿಎಂನಲ್ಲಿ 1450. ಹೆಲ್ತ್ ಚೆಕ್‌ನ ಉತ್ತರ ಪುಟ್ಟದಾಗಿರುವುದರಿಂದ ಅದು ಹಸಿರಾಗಿಯೇ ಇರುತ್ತದೆ, ಅದನ್ನು ನಂಬಿ ಕೂರಬೇಡಿ.

ಬಳಕೆದಾರರ ಐಪಿ ಬದಲು ಲಾಗ್‌ನಲ್ಲಿ ಲೋಡ್ ಬ್ಯಾಲೆನ್ಸರ್‌ನ ಐಪಿ ಬರುತ್ತಿದೆ.

ಎಚ್‌ಟಿಟಿಪಿ ಆದರೆ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್, ಬರೀ ಟಿಸಿಪಿ ಆದರೆ ಪ್ರಾಕ್ಸಿ ಪ್ರೋಟೊಕಾಲ್ ಬಳಸಿ ಬಳಕೆದಾರರ ಐಪಿಯನ್ನು ಆ್ಯಪ್‌ಗೆ ತಿಳಿಸಿ. ಎರಡನೆಯದನ್ನು ಎರಡೂ ತುದಿಗಳಲ್ಲಿ ಒಟ್ಟಿಗೆ ಆನ್ ಮಾಡಬೇಕು, ಒಂದೇ ಕಡೆ ಮಾಡಿದರೆ ಪ್ರತಿ ಕನೆಕ್ಷನ್ ಮುರಿಯುತ್ತದೆ. ಹೆಡರ್ ಅನ್ನು ನಿಮ್ಮ ಲೋಡ್ ಬ್ಯಾಲೆನ್ಸರ್‌ನಿಂದ ಬಂದಾಗ ಮಾತ್ರ ನಂಬುವಂತೆ ಆ್ಯಪ್‌ಗೆ ಹೇಳಿ. ಅದನ್ನು ಯಾರು ಬೇಕಾದರೂ ಬರೆದು ಕಳಿಸಬಹುದು.

ಸರ್ಟಿಫಿಕೇಟ್ ಆಟೊಮೇಶನ್ ಈಗಲೇ ಬೇಕೇ?

ಬೇಕು. ಸಾರ್ವಜನಿಕ ಟಿಎಲ್‌ಎಸ್ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿಯನ್ನು ಹಂತಹಂತವಾಗಿ ಇಳಿಸಲು ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ಮತ್ತು ಬ್ರೌಸರ್ ತಯಾರಕರ ಒಕ್ಕೂಟವಾದ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಒಪ್ಪಿತು: 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47. ಆ ವೇಗಕ್ಕೆ ಕೈಕೆಲಸ ಸಾಲದು. ನವೀಕರಿಸಿದ ಫೈಲ್ ಡಿಸ್ಕ್‌ನಲ್ಲಿದ್ದು ಪ್ರೊಸೆಸ್ ಮಾತ್ರ ಹಳೆಯದನ್ನೇ ಕೊಡುತ್ತಿರುವುದು ಇಲ್ಲಿ ಆಗುವ ಸಾಮಾನ್ಯ ಅವಘಡ. ಆದ್ದರಿಂದ ಮಾನಿಟರಿಂಗ್ ಫೈಲ್‌ನ ದಿನಾಂಕ ನೋಡಬಾರದು. ಪ್ರತಿ ಲೋಡ್ ಬ್ಯಾಲೆನ್ಸರ್‌ನ ಸ್ವಂತ ಐಪಿಗೆ, ಸರಿಯಾದ ಹೋಸ್ಟ್ ಹೆಸರು ಕೊಟ್ಟು ಕನೆಕ್ಟ್ ಆಗಿ, ನಿಜವಾಗಿ ಬಂದ ಸರ್ಟಿಫಿಕೇಟ್‌ನ ದಿನಾಂಕ ನೋಡಬೇಕು. ಸ್ಟ್ಯಾಂಡ್‌ಬೈನಲ್ಲಿ ಹಳೆಯದು ಉಳಿದಿದ್ದರೆ ಇದರಿಂದಲೇ ಸಿಗುವುದು.

ಆಟೊಸ್ಕೇಲಿಂಗ್‌ಗೆ ಯಾವ ಅಳತೆ ನೋಡಬೇಕು?

ಸರ್ವರ್‌ನ ಸಿಪಿಯುಗಿಂತ, ಲೋಡ್ ಬ್ಯಾಲೆನ್ಸರ್‌ನಲ್ಲಿ ಸರ್ವರ್‌ಗೊಂದಕ್ಕೆ ಎಷ್ಟು ಕನೆಕ್ಷನ್ ನಡೆಯುತ್ತಿವೆ ಮತ್ತು ಸರದಿಯಲ್ಲಿ ಎಷ್ಟು ಕಾಯುತ್ತಿವೆ ಎಂಬುದು ಬೇಗ ಸತ್ಯ ಹೇಳುತ್ತದೆ. ಡೇಟಾಬೇಸ್‌ಗಾಗಿ ಕಾಯುತ್ತಿರುವ ಸರ್ವರ್‌ನ ಸಿಪಿಯು ತಣ್ಣಗೇ ಇರುತ್ತದೆ. ಏರಿಸುವುದು ಚುರುಕಾಗಿರಲಿ, ಇಳಿಸುವುದು ನಿಧಾನವಾಗಿರಲಿ: 2 ನಿಮಿಷ ಭಾರ ಕಂಡರೆ ಸೇರಿಸಿ, 15 ನಿಮಿಷ ಹಗುರವಾಗಿದ್ದರೆ ಒಂದನ್ನು, ಒಂದನ್ನು ಮಾತ್ರ, ಮೇಲಿನ ಐದು ಹೆಜ್ಜೆಗಳಲ್ಲಿ ತೆಗೆಯಿರಿ. ಡೇಟಾಬೇಸ್ ತಾಳುವ ಕನೆಕ್ಷನ್ ಎಣಿಕೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಗರಿಷ್ಠ ಮಿತಿ ಇಡಿ. ಪ್ರತಿ ವಿಎಂ 20 ಕನೆಕ್ಷನ್ ತೆರೆದು ಡೇಟಾಬೇಸ್ 400 ಕೊಡುವುದಾದರೆ, 20ನೇ ವಿಎಂಗೆ ಜಾಗ ಮುಗಿಯಿತು. 21ನೆಯದು ಎಲ್ಲರನ್ನೂ ಕೆಡವುತ್ತದೆ.

ಚಾಲ್ತಿಗೆ ತರುವ ಮುನ್ನ ಯಾವ ಪರೀಕ್ಷೆ ಮಾಡಬೇಕು?

ಸೆಕೆಂಡಿಗೆ 100 ರಿಕ್ವೆಸ್ಟ್‌ನಂತೆ ಸತತ ಟ್ರಾಫಿಕ್ ಬಿಟ್ಟುಕೊಂಡು ಒಂದೊಂದಾಗಿ ಮುರಿಯಿರಿ. ಒಂದು ಆ್ಯಪ್ ವಿಎಂನ ಪವರ್ ತೆಗೆಯಿರಿ. ಇನ್ನೊಂದರಲ್ಲಿ ಪ್ರೊಸೆಸ್ ಅನ್ನು ಕೊಲ್ಲದೆ ಸಿಗ್‌ಸ್ಟಾಪ್ ಸಿಗ್ನಲ್ ಕೊಟ್ಟು ಹೆಪ್ಪುಗಟ್ಟಿಸಿ, ಪೋರ್ಟ್ ತೆರೆದೇ ಇದ್ದು ಉತ್ತರ ಬಾರದ ಸ್ಥಿತಿ ಇದು. ಮುಖ್ಯ ಲೋಡ್ ಬ್ಯಾಲೆನ್ಸರ್ ವಿಎಂ ಅನ್ನು ಲೈವ್ ಆಗಿ ಬೇರೆ ಹೋಸ್ಟ್‌ಗೆ ದಾಟಿಸಿ, ಆಮೇಲೆ ಅದನ್ನೂ ಆಫ್ ಮಾಡಿ. ಇನ್ವೆಂಟರಿಯ ಎಪಿಐಗೆ ಫೈರ್‌ವಾಲ್ ಅಡ್ಡ ಹಾಕಿ ಸ್ಕ್ರಿಪ್ಟ್ ಓಡಿಸಿ, ಪೂಲ್ ಮುಟ್ಟದೆ ನಿಲ್ಲುತ್ತದೆಯೇ ನೋಡಿ. ಪ್ರತಿ ಸಲ ಎಷ್ಟು ರಿಕ್ವೆಸ್ಟ್ ಸೋತವು, ಎಷ್ಟು ಸೆಕೆಂಡ್ ಎಂದು ಬರೆದಿಟ್ಟುಕೊಳ್ಳಿ. ಕೊನೆಯ ಪರೀಕ್ಷೆಯಾಗಿ, ಪಟ್ಟಿಯಿಂದ ಒಂದು ಸರ್ವರ್ ತೆಗೆದು ಡ್ರೈನ್‌ನಿಂದ ಅಳಿಸುವವರೆಗೆ ಇಡೀ ದಾರಿ ಓಡಿಸಿ. ಅದರಲ್ಲಿ ಸೋತ ರಿಕ್ವೆಸ್ಟ್ ಸೊನ್ನೆ ಬಂದಿಲ್ಲವೆಂದರೆ ಗಡುವುಗಳನ್ನು ತಿದ್ದಿ ಮತ್ತೆ ಓಡಿಸಿ.